ಹಾರಿದ ಪತ್ರಾ, ಜೋತುಬಿಟ್ಟ ಉಸುಕಿನ ಚೀಲ: ನನ್ನ ಅನುಭವ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ನಮ್ಮ ಮನೆಯ ಮುಂಭಾಗಕ್ಕೆ ಶಹಾಬಾದ್ ಫರ್ಸಿಯ (ಕಲ್ಲುಚಪ್ಪಡಿಯ) ಮಾಳಿಗೆಯಿದ್ದು, ಹಿಂದಿನ ಎರಡು ಕೋಣೆಗಳ ಮೇಲೆ ಎರಡೂ ಕಡೆ ಇಳಿಜಾರಿರುವ ಪತ್ರಾ, ಅಂದರೆ ತಗಡಿನ ಹಾಳೆಗಳ ಛಾವಣಿ, ಇದೆ. ಮೂರು ವರ್ಷಗಳ ಹಿಂದೆ ಮೇ ತಿಂಗಳ ಒಂದು ಸಂಜೆ ಎದ್ದ ಬಿರುಗಾಳಿಗೆ ನಾಲ್ಕು ಪತ್ರಾಗಳು ಕಿತ್ತುಹೋದವು. ಆಗ ನಾನು ತಾಡಪತ್ರಿ (ಟಾರ್ಪಾಲಿನ್) ಹೊದಿಸಿದ ರೀತಿಯನ್ನು ನಮ್ಮ ಓಣಿಯಲ್ಲಿ ಮನೆ ಕಟ್ಟುವ ಗೌಂಡಿಯವರೂ ಒಪ್ಪಲಿಲ್ಲ, ನನ್ನ ಅಣ್ಣನೂ ಒಪ್ಪಲಿಲ್ಲ. ಈ ಬೇಸಿಗೆಯಲ್ಲಿ ಅಣ್ಣನ ಮನೆಯ ಪತ್ರಾಗಳೇ ಹಾರಿದಾಗ ಅದೇ ರೀತಿಯಲ್ಲಿ ಹೊದಿಸಿಕೊಟ್ಟೆ, ಅದು ನಿಂತಿತು. ಪತ್ರಾ ಕೆಲಸ ಬಲ್ಲವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲ ರಾತ್ರಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಮೇನ್ ಸ್ವಿಚ್ ಆರಿಸಿ, ಅಂಗಡಿಯಲ್ಲಿ ಸಿಕ್ಕ ತೆಳುವಾದ ತಾಡಪತ್ರಿಯನ್ನು ಹಾಸಿ, ಮೇಲೆ ಕಲ್ಲು ಹೇರಿದೆ. ನಡುರಾತ್ರಿ ಮತ್ತೆ ಗಾಳಿ ಎದ್ದಾಗ ತಾಡಪತ್ರಿ ಪಟಪಟನೆ ಬಡಿದು, ಒಂದು ಕಲ್ಲು ಉರುಳಿ ಅಂಗಳದ ಫರ್ಸಿಯನ್ನು ಒಡೆಯಿತು. ಅರ್ಧ ಗಂಟೆ ಮೊದಲು ನನ್ನ ಮಗ ಅಲ್ಲಿಯೇ ನಿಂತಿದ್ದನೆಂಬುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಅಂದಿನಿಂದ ಪತ್ರಾದ ಮೇಲೆ ಕಲ್ಲಿಡುವುದನ್ನು ಎಲ್ಲಿ ಕಂಡರೂ ತಡೆಯುತ್ತೇನೆ.

ಮರುದಿನ ಕಟ್ಟಿಗೆಯ ಪಟ್ಟಿಯಿಟ್ಟು ತಾಡಪತ್ರಿಯ ಅಂಚನ್ನು ಉಳಿದ ಪತ್ರಾಗಳಿಗೆ ಮೊಳೆ ಹೊಡೆದು ಕೂಡಿಸಿದ್ದು ಎರಡನೆಯ ತಪ್ಪು. ತಾಡಪತ್ರಿ ಮೊಳೆಯ ಬಳಿಯೇ ಹರಿಯಿತು, ಗಟ್ಟಿಯಾಗಿದ್ದ ಪತ್ರಾಗಳಿಗೆ ಇಪ್ಪತ್ತಕ್ಕೂ ಹೆಚ್ಚು ತೂತುಗಳಾದವು. ಮೂರನೆಯ ಸಲ ನೈಲಾನ್ ಹಗ್ಗವನ್ನು ಕಿಟಕಿಯ ಸರಳಿಗೆ ಬಿಗಿದು ಕಟ್ಟಿದೆ. ಮಳೆಯಲ್ಲಿ ನೆನೆದ ಹಗ್ಗ ಸಡಿಲಗೊಂಡು, ಬೆಳಗಾಗುವಷ್ಟರಲ್ಲಿ ತಾಡಪತ್ರಿಯ ಒಡಲಲ್ಲಿ ನೀರು ನಿಂತಿತ್ತು.

ಸಡಿಲವಾದ ಆ ಹಗ್ಗವನ್ನು ಕೈಯಲ್ಲಿ ಹಿಡಿದು ನಿಂತಾಗಲೇ ಉಪಾಯ ಹೊಳೆಯಿತು. ಕಟ್ಟಿದ ಹಗ್ಗ ಒಮ್ಮೆ ಹಿಗ್ಗಿದರೆ ತಾನಾಗಿ ಬಿಗಿಯಾಗದು. ಆದರೆ ಅದರ ತುದಿಯಲ್ಲಿ ಭಾರ ಜೋತಾಡುತ್ತಿದ್ದರೆ ಹಗ್ಗ ಎಷ್ಟು ಹಿಗ್ಗಿದರೂ ಭಾರ ಅಷ್ಟೇ ಕೆಳಗಿಳಿದು ಬಿಗಿಯನ್ನು ಉಳಿಸಿಕೊಳ್ಳುತ್ತದೆ. ದಪ್ಪನೆಯ, ಅಂದರೆ ಚದರ ಮೀಟರಿಗೆ 200 ಗ್ರಾಂ ತೂಗುವ, 200 ಜಿಎಸ್‌ಎಂ ತಾಡಪತ್ರಿ ತಂದು, ಹಾನಿಯಾದ ಭಾಗದಿಂದ ಎರಡು ಇಳಿಜಾರು ಕೂಡುವ ಎತ್ತರದ ನೆತ್ತಿಯನ್ನು ದಾಟಿಸಿ ಆಚೆಯ ಇಳಿಜಾರಿನವರೆಗೂ ಹಾಸಿದೆ, ಏಕೆಂದರೆ ಮೇಲಂಚು ನೆತ್ತಿಯ ಈಚೆಗೇ ನಿಂತರೆ ನೀರು ಅದರಡಿಗೆ ನುಗ್ಗದೆ ಬಿಡದು. ಎರಡೂ ಕೆಳ ಅಂಚುಗಳನ್ನು ಬಿದಿರಿನ ಗಳಕ್ಕೆ ಮೂರು ಸುತ್ತು ಸುತ್ತಿ, ಮೂರು ಅಡಿಗೊಂದರಂತೆ ಹಗ್ಗಗಳನ್ನು ನೆತ್ತಿಯ ಮೇಲಿಂದ ಹಾಯಿಸಿ, ಎರಡೂ ತುದಿಗೆ ಸ್ವಲ್ಪವೇ ಉಸುಕು ತುಂಬಿದ ಗೊಬ್ಬರದ ಖಾಲಿ ಚೀಲಗಳನ್ನು ಜೋತುಬಿಟ್ಟೆ. ಏಳು ಹಗ್ಗ, ಹದಿನಾಲ್ಕು ಚೀಲ. ಒಂದೊಂದು ಸುಮಾರು ಹದಿನೈದು ಕಿಲೋ ಇದ್ದಿರಬೇಕು. ಪತ್ರಾದ ಅಂಚು ಹಗ್ಗವನ್ನು ಕೊಯ್ಯದಂತೆ ಅಲ್ಲಲ್ಲಿ ಹಳೆಯ ಸೈಕಲ್ ಟಯರಿನ ತುಂಡನ್ನು ಮಡಚಿ ಇಟ್ಟೆ.

ಗೌಂಡಿಯವರು ಕೆಳಗೆ ನಿಂತು, "ತಮ್ಮಾ, ಇವು ಗಾಳಿಗಿ ಜೋಕಾಲಿ ಆಡ್ತಾವ ನೋಡು," ಎಂದರು. ಅವರ ಮಾತು ಸುಳ್ಳಾಗಿರಲಿಲ್ಲ. ಚೀಲಗಳು ತೂಗಾಡಿ ಗೋಡೆಗೆ ಬಡಿಯದಂತೆ ಅವುಗಳನ್ನು ಕೆಳಗಡೆ ಒಂದಕ್ಕೊಂದು ಹೆಣೆಯಬೇಕಾಯಿತು. ಹೆಣೆದರೂ ಭಾರ ಮುಕ್ತವಾಗಿ ಇಳಿಯುವಂತೆ ಹಾಕುವ ಗಂಟೊಂದಿದೆ, ಅದನ್ನು ಬರಹದಲ್ಲಿ ತಿಳಿಸಲಾರೆ, ಮನೆಗೆ ಬಂದವರಿಗೆ ತೋರಿಸಿಕೊಡುತ್ತೇನೆ. ಹತ್ತೊಂಬತ್ತೋ ಇಪ್ಪತ್ತೋ ದಿನ ಆ ಹೊದಿಕೆ ನಿಂತಿತು, ನಡುವೆ ಎರಡು ದೊಡ್ಡ ಗಾಳಿಗಳನ್ನು ತಡೆಯಿತು, ಕೋಣೆಯೊಳಗೆ ಒಂದು ಹನಿಯೂ ಬೀಳಲಿಲ್ಲ.

ಖರ್ಚಿನ ಮಾತು. ಹರಿದುಹೋದ ಮೊದಲ ತಾಡಪತ್ರಿಗೆ ಏಳುನೂರು, ಎರಡನೆಯದಕ್ಕೆ ಎರಡು ಸಾವಿರದ ನಾಲ್ಕುನೂರು, ಹಗ್ಗಕ್ಕೆ ಆರುನೂರರ ಆಸುಪಾಸು. ನಾಲ್ಕು ಹೊಸ ಪತ್ರಾ, ಸ್ಕ್ರೂ, ಒಬ್ಬ ಆಳಿನ ಕೂಲಿ ಎಲ್ಲ ಸೇರಿ ಹತ್ತು ಸಾವಿರದೊಳಗೆ ಮುಗಿಯಿತು. ಇಡೀ ಪತ್ರಾ ಬದಲಿಸಲೇಬೇಕೆಂದು ಒಬ್ಬರು ಮೂವತ್ತೆಂಟು ಸಾವಿರ ಕೇಳಿದ್ದರು.

ಮೊಳೆ ತೂತುಗಳನ್ನು ಮುಚ್ಚಲು ಮೊದಲು ಸಿಮೆಂಟ್ ಮೆತ್ತಿದೆ. ನಮ್ಮ ಬಿಸಿಲಿಗೆ ಪತ್ರಾ ಹಗಲು ಹಿಗ್ಗಿ ರಾತ್ರಿ ಕುಗ್ಗುವುದರಿಂದ ಅದು ವಾರದೊಳಗೆ ಬಿರಿದು ಉದುರಿತು. ಸೈಕಲ್ ಟ್ಯೂಬ್ ಕತ್ತರಿಸಿ ಮಾಡಿದ ವಾಷರುಗಳು ಒಂದು ಬೇಸಿಗೆಗೆ ಸೀಳಿದವು. ಕೊನೆಗೆ ಒಣಗಿದ ಪತ್ರಾವನ್ನು ಉಜ್ಜಿ ಡಾಂಬರಿನ ಪಟ್ಟಿ ಅಂಟಿಸಿದ್ದೇ ಉಳಿಯಿತು. ಹೊಸ ಪತ್ರಾ ಹಾಕುವಾಗ ಸ್ಕ್ರೂಗಳನ್ನು ಪತ್ರಾದ ಅಲೆಗಳ ಉಬ್ಬಿನ ಮೇಲೆಯೇ ಕೂರಿಸಿ, ಗಾಳಿ ಮೊದಲು ಎತ್ತುವ ಅಂಚು ಮತ್ತು ಮೂಲೆಗಳಲ್ಲಿ ಎರಡು ಪಟ್ಟು ಹಾಕಿದೆ.

ಒಂದು ವಿಷಯವನ್ನು ಅಣ್ಣನಿಗೆ ಗಾಳಿ ನಿಂತ ಕೂಡಲೇ ಹೇಳಿದೆ: ಹೊದಿಸುವ ಮೊದಲು ಫೋಟೊ ತೆಗೆಯಬೇಕು. ವಿಪತ್ತು ಪರಿಹಾರ ನಿಧಿಯ 2022–26ರ ಅವಧಿಯ ನಿಯಮದಲ್ಲಿ ಮನೆಯ ಕನಿಷ್ಠ ಶೇ. 15ರಷ್ಟು ಭಾಗಕ್ಕೆ ಹಾನಿಯಾಗಿದ್ದರೆ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ ಎಂದಿತ್ತು. ನನ್ನ ಸಲ ನಾನು ಮುಚ್ಚಿದ ಮೇಲೆ ಅರ್ಜಿ ಕೊಟ್ಟೆ, ತೋರಿಸಲು ಏನೂ ಇರಲಿಲ್ಲ, ಒಂದು ಪೈಸೆಯೂ ಬರಲಿಲ್ಲ.

ಅಣ್ಣನ ಮನೆಯ ಚೀಲಗಳನ್ನು ಮೊನ್ನೆ ಇಳಿಸಿದೆವು. ಗೌಂಡಿಯವರು ಒಂದೊಂದು ಹಗ್ಗವನ್ನೂ ಎಳೆದು ನೋಡಿ, ಸವೆದಿರದ ಐದನ್ನು ಸುತ್ತಿಕೊಂಡು ತಮ್ಮ ಮನೆಗೆ ಒಯ್ದರು.