ಊರಿನ ಕ್ಯಾಸರೋಲ್ ಬೇರೆ, ಅಲ್ಲಿಯ ಕ್ಯಾಸರೋಲ್ ಬೇರೆ

ಗಂಗಾವತಿಯ ನಮ್ಮ ಮನೆಯಲ್ಲಿ ಅಡುಗೆ ಕಟ್ಟೆಯ ಮೇಲೆ ಒಂದು ಕೆಂಪು ಕ್ಯಾಸರೋಲ್ ಇದೆ. ಯಾರದೋ ಮದುವೆಯಲ್ಲ, ನನ್ನದೇ ಮದುವೆಗೆ ಬಂದ ಮುಯ್ಯಿ. ಮುಚ್ಚಳದ ಒಂದು ಕಿವಿ ಮುರಿದಿದೆ. ಒಳಗೆ ಹಳೇ ಪಂಚೆಯ ತುಂಡು ಹಾಸಿ ಅಮ್ಮ ಅದರಲ್ಲಿ ರೊಟ್ಟಿ ಇಡುತ್ತಾರೆ. ನಮ್ಮ ಕಡೆ ಕ್ಯಾಸರೋಲ್ ಅಂದರೆ ಇದೇ. ಬಿಸಿ ಆರದ ಡಬ್ಬಿ.

ಹದಿನಾಲ್ಕು ವರ್ಷದ ಹಿಂದೆ ಅಮೆರಿಕದ ಮಿನೆಸೋಟಕ್ಕೆ ಹೋದ ಹೊಸದರಲ್ಲಿ ಯಜಮಾನರ ಆಫೀಸಿನವರು ಪಾಟ್‌ಲಕ್ ಊಟ ಇಟ್ಟುಕೊಂಡರು. ಒಬ್ಬೊಬ್ಬರು ಒಂದೊಂದು ಅಡುಗೆ ತರಬೇಕು. 'ನೀವು ಒಂದು ಕ್ಯಾಸರೋಲ್ ತನ್ನಿ' ಎಂದರು. ಡಬ್ಬಿ ಕಡಿಮೆ ಬಿದ್ದಿರಬೇಕು ಅಂದುಕೊಂಡೆ. ಖಾಲಿ ಒಯ್ಯಬಾರದು ಅಲ್ವಾ, ಹನ್ನೆರಡು ಚಪಾತಿ ಹಾಕಿಕೊಂಡು ಹೋದೆ. ಅಲ್ಲಿ ಮೇಜಿನ ಮೇಲೆ ಸಾಲಾಗಿ ಗಾಜಿನ ಟ್ರೇಗಳು. ಮೇಲೆ ಕಂದು ಬಣ್ಣಕ್ಕೆ ತಿರುಗಿದ ಚೀಸ್, ಅಂಚಿನಲ್ಲಿ ಇನ್ನೂ ಗುಳುಗುಳು ಕುದಿ. ಅವೆಲ್ಲ ಕ್ಯಾಸರೋಲ್ ಅಂತೆ! ಟ್ರೇಗೂ ಅದೇ ಹೆಸರು, ಒಳಗಿನ ಅಡುಗೆಗೂ ಅದೇ ಹೆಸರು. ಮಿನೆಸೋಟದವರು ಅದನ್ನೇ ಹಾಟ್‌ಡಿಶ್ ಅಂತಲೂ ಅನ್ನುತ್ತಾರೆ. ನನ್ನ ಚಪಾತಿ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು, ಆ ಮಾತು ಬೇರೆ.

ಈಗ ರಜೆಗೆ ಊರಿಗೆ ಬಂದಿದ್ದೇನೆ. ಪಕ್ಕದ ಮನೆಯ ಹುಡುಗಿ ಗಂಡ, ಇಬ್ಬರು ಮಕ್ಕಳ ಜೊತೆ ಅಲ್ಲಿಗೆ ಹೊರಟಿದ್ದಾಳೆ. ಇಬ್ಬರಿಗೂ ಕೆಲಸ. 'ಅಕ್ಕಾ, ರಾತ್ರಿ ಅಡಿಗಿ ಹೆಂಗ ಮಾಡ್ತೀರಿ ಅಲ್ಲಿ?' ಎಂದು ದಿನಾ ಕೇಳುತ್ತಾಳೆ. ಬಳ್ಳಾರಿ, ರಾಯಚೂರು, ಸಿಂಧನೂರಿನಿಂದ ಬಂದ ಎಷ್ಟೋ ಜನ ಇದನ್ನೇ ಕೇಳಿದ್ದಾರೆ. ಅವಳಿಗೆ ಹೇಳುತ್ತಾ ಹೇಳುತ್ತಾ ಬರೆದದ್ದು ಇದು.

ಮೊದಲು ಒಂದು ಮಾತು. ವಾರದ ದಿನಗಳಲ್ಲಿ ರೊಟ್ಟಿ ಬಡಿಯುವ ಹಟ ಬಿಟ್ಟುಬಿಡಿ. ಇದು ನನ್ನ ಅನುಭವ, ಬೇಜಾರು ಮಾಡಿಕೊಳ್ಳಬೇಡಿ. ಊರಿನಲ್ಲಿ ಅತ್ತೆ ಇರುತ್ತಾರೆ, ರೊಟ್ಟಿ ಮಾಡುವ ಅಕ್ಕ ಬರುತ್ತಾಳೆ, ಏನೂ ಇಲ್ಲವೆಂದರೆ ರಸ್ತೆ ತುದಿಯಲ್ಲಿ ಒಗ್ಗರಣಿ ಮಿರ್ಚಿ ಸಿಗುತ್ತದೆ. ಅಲ್ಲಿ ಐದೂವರೆಗೆ ಮಕ್ಕಳನ್ನು ಡೇಕೇರ್‌ನಿಂದ ಕರೆತರಬೇಕು. ಡಿಸೆಂಬರಿನಲ್ಲಿ ನಾಲ್ಕೂವರೆಗೇ ಹೊತ್ತು ಮುಳುಗಿರುತ್ತದೆ, ಮಕ್ಕಳಿಗೆ ಆರಕ್ಕೇ ಹಸಿವು, ಎಂಟಕ್ಕೆ ನಿದ್ದೆ. ನಾನು ಮೊದಲ ವರ್ಷ ದಿನಾ ಸಂಜೆ ರೊಟ್ಟಿ ಬಡಿದೆ. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊಗೆ ಅಲಾರಾಂ ಕೂಗುತ್ತಿತ್ತು. ಯಜಮಾನರು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದರು. ಮಗು ಅಳುತ್ತಿತ್ತು. ರೊಟ್ಟಿ ಶನಿವಾರಕ್ಕೆ ಇರಲಿ. ಆಗ ಅದರ ರುಚಿಯೂ ಜಾಸ್ತಿ.

ವಾರದ ದಿನಗಳಿಗೆ ಓವನ್‌ನಲ್ಲಿ ಬೇಯುವ ಕ್ಯಾಸರೋಲ್ ಸಾಕು. ಓವನ್ ನಿಮ್ಮ ಬಾಡಿಗೆ ಮನೆಯ ಒಲೆಯ ಕೆಳಗೇ ಇರುತ್ತದೆ. ನಮ್ಮವರ ಮನೆಗಳಲ್ಲಿ ಅದು ಬಾಣಲೆ, ತವೆ ತುರುಕಿಡುವ ಕಪಾಟು. ಮೊದಲು ಅವನ್ನು ಹೊರಗೆ ತೆಗೆಯಿರಿ. 'ಒಲಿ ಮುಂದ ನಿಂದರಲಾರ್ದ ಅಡಿಗಿ ಹೆಂಗ ಆಗ್ತೈತಿ?' ಎಂದು ಅಮ್ಮ ನಿನ್ನೆ ಕೇಳಿದರು. ನಾನು ಅಜ್ಜಿಯ ಹಾಲಿನ ಗಡಿಗೆ ನೆನಪು ಮಾಡಿದೆ. ಕುಳ್ಳಿನ ಕೆಂಡದ ಮೇಲೆ ಗಡಿಗೆ ಇಟ್ಟು ಅಜ್ಜಿ ಹೊಲಕ್ಕೆ ಹೋಗುತ್ತಿದ್ದಳು. ಬರುವಷ್ಟರಲ್ಲಿ ಹಾಲು ಕೆಂಪಗೆ ಕಾಯ್ದು, ಮೇಲೆ ಬೆರಳು ದಪ್ಪ ಕೆನೆ. ಓವನ್ ಮಾಡುವುದೂ ಅದೇ ಕೆಲಸ. ನೀವು ನಿಲ್ಲಬೇಕಿಲ್ಲ. ಟ್ರೇ ಬೇಯುವ ನಲವತ್ತು ನಿಮಿಷದಲ್ಲಿ ಮಕ್ಕಳ ಸ್ನಾನ ಆಗುತ್ತದೆ, ಹೋಂವರ್ಕ್ ಆಗುತ್ತದೆ, ಊರಿಗೆ ಒಂದು ಫೋನೂ ಆಗುತ್ತದೆ.

ನನ್ನ ಮೊದಲ ಕ್ಯಾಸರೋಲ್ ಕಥೆ ಕೇಳಿ. ಎಲ್ಲೋ ನೋಡಿ 180 ಡಿಗ್ರಿ ಅಂತ ಬರೆದುಕೊಂಡಿದ್ದೆ. ಓವನ್‌ನಲ್ಲಿ 180 ಒತ್ತಿ, ಟ್ರೇ ಒಳಗಿಟ್ಟು, ರಾಣಿ ಹಾಗೆ ಸೋಫಾ ಮೇಲೆ ಕೂತೆ. ಒಂದು ಗಂಟೆ ಆಯಿತು. ತೆಗೆದು ನೋಡಿದರೆ ಅಕ್ಕಿ ನೀರಿನಲ್ಲಿ ಬೆಚ್ಚಗೆ ಈಜುತ್ತಿದೆ. ಅಲ್ಲಿಯ ಓವನ್ ಲೆಕ್ಕ ಫ್ಯಾರನ್‌ಹೀಟ್. ಆ ಲೆಕ್ಕದಲ್ಲಿ 180 ಅಂದರೆ ನಮ್ಮ 82 ಡಿಗ್ರಿ, ನೀರೂ ಕುದಿಯುವುದಿಲ್ಲ. ಅವತ್ತು ರಾತ್ರಿ ಎಲ್ಲರಿಗೂ ಬ್ರೆಡ್ಡು, ಶೇಂಗಾ ಚಟ್ನಿಪುಡಿ. 350 ಎಂಬ ಅಂಕಿ ನೆನಪಿಡಿ, ಅದು ಸುಮಾರು 177 ಸೆಲ್ಸಿಯಸ್. ಹೆಚ್ಚಿನ ಕ್ಯಾಸರೋಲ್‌ಗಳು 350ರಿಂದ 400ರೊಳಗೆ ಮುಗಿಯುತ್ತವೆ. ಓವನ್ ಪೂರ್ತಿ ಕಾದ ಮೇಲೆ 'ಟಿಣ್' ಅನ್ನುತ್ತದೆ, ಆಮೇಲೆ ಟ್ರೇ ಇಡಿ. 'ಬ್ರಾಯ್ಲ್' ಎಂಬ ಗುಂಡಿ ಬೇರೆ. ಅದು ಮೇಲಿನಿಂದ ಮಾತ್ರ ಜೋರು ಬೆಂಕಿ ಕೊಡುತ್ತದೆ. ಗಾಜಿನ ಟ್ರೇ ಇದ್ದಾಗ ಅದರ ಸುದ್ದಿಗೇ ಹೋಗಬೇಡಿ.

ಟ್ರೇ ಒಂದೇ ಸಾಕು. 9 ಇಂಚು ಅಗಲ, 13 ಇಂಚು ಉದ್ದದ್ದು. ಎಲ್ಲರ ಮನೆಯಲ್ಲೂ ಇದೇ ಅಳತೆ. ನಾಲ್ಕು ಜನಕ್ಕೆ ರಾತ್ರಿ ಊಟ ಆಗಿ, ಮರುದಿನದ ಡಬ್ಬಿಗೂ ಉಳಿಯುತ್ತದೆ. ಗಾಜಿನದಾದರೆ ಬಿಸಿಯಿಂದ ಥಟ್ಟನೆ ತಂಪಿಗೆ, ತಂಪಿನಿಂದ ಥಟ್ಟನೆ ಬಿಸಿಗೆ ಒಯ್ಯಬೇಡಿ. ಓವನ್‌ನಿಂದ ತೆಗೆದದ್ದನ್ನು ನಾನು ಒಮ್ಮೆ ಒದ್ದೆ ಕಟ್ಟೆಯ ಮೇಲೆ ಇಟ್ಟೆ. ಪಟಾಕಿ ಹೊಡೆದ ಹಾಗೆ ಸಿಡಿಯಿತು. ಒಂದು ವಾರ ಗಾಜಿನ ಚೂರು ಹೆಕ್ಕಿದೆವು. ಕೆಳಗೆ ಒಣ ಬಟ್ಟೆ ಮಡಚಿ ಹಾಕಿ.

ಇನ್ನು ಅಡುಗೆ. ಸುಲಭದ್ದು ಅನ್ನದ್ದು. ಅಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಸೋನಾ ಮಸೂರಿ ಚೀಲ ಸಿಗುತ್ತದೆ. ನಮ್ಮ ಕಾರಟಗಿ, ಸಿರುಗುಪ್ಪ ಕಡೆಯ ಗದ್ದೆ ನೋಡಿದವರಿಗೆ ಆ ಚೀಲ ಕಂಡರೇ ಒಂಥರಾ ಸಮಾಧಾನ. ಎರಡು ಕಪ್ ಅಕ್ಕಿ ತೊಳೆದು ಅರ್ಧ ಗಂಟೆ ನೆನೆಸಿ ಬಸಿಯಿರಿ. ಟ್ರೇಗೆ ಎರಡು ಚಮಚ ಎಣ್ಣೆ, ಹೆಚ್ಚಿದ ಈರುಳ್ಳಿ, ಮೂರು ಕಪ್ ತರಕಾರಿ ಹಾಕಿ. ಫ್ರೀಜರ್‌ನ ಬಟಾಣಿ, ಗಜ್ಜರಿ, ಬೀನ್ಸ್ ಆದರೂ ನಡೆಯುತ್ತದೆ, ಯಾರೂ ಕೇಳುವುದಿಲ್ಲ. ಮೇಲೆ ಅಕ್ಕಿ, ಉಪ್ಪು, ಮನೆಯಿಂದ ತಂದ ಮಸಾಲೆ ಖಾರ. ನಾಲ್ಕು ಕಪ್ ಕುದಿಯುವ ನೀರು ಸುರಿಯಿರಿ. ನೀರು ತಣ್ಣಗಿದ್ದರೆ ಅಕ್ಕಿ ಒಂದು ಕಡೆ ಬೇಯುತ್ತದೆ, ಒಂದು ಕಡೆ ಇಲ್ಲ. ಫಾಯಿಲ್‌ನಿಂದ ಅಂಚು ಬಿಗಿಯಾಗಿ ಮುಚ್ಚಿ 375ಕ್ಕೆ ನಲವತ್ತರಿಂದ ನಲವತ್ತೈದು ನಿಮಿಷ. ಆಚೆ ತೆಗೆದು ಹತ್ತು ನಿಮಿಷ ಮುಚ್ಚಿಯೇ ಬಿಡಿ. ಈ ಹತ್ತು ನಿಮಿಷ ಬಿಡದೆ ಕೈ ಹಾಕಿದರೆ ಮೇಲಿನ ಅಕ್ಕಿ ಗಟ್ಟಿ ಉಳಿಯುತ್ತದೆ. ನಿಂಬೆಹಣ್ಣು ಹಿಂಡಿ, ಮೊಸರು ಇಟ್ಟುಕೊಂಡು ತಿನ್ನಿ.

ಅಲ್ಲಿಯವರ ಕ್ಯಾಸರೋಲ್ ಒಳಗೆ ನೋಡಿದರೆ ಮೂರೇ ಸಂಗತಿ. ಹೊಟ್ಟೆ ತುಂಬಿಸಲು ಅನ್ನವೋ ಪಾಸ್ತಾವೋ ಆಲೂಗಡ್ಡೆಯೋ ಒಂದು. ಜೊತೆಗೆ ತರಕಾರಿ ಅಥವಾ ಮಾಂಸ. ಎರಡನ್ನೂ ಹಿಡಿದಿಡಲು ಒಂದು ಅಂಟು. ಆ ಅಂಟಿಗೆ ಅವರು ಡಬ್ಬಿ ಸೂಪ್ ಸುರಿಯುತ್ತಾರೆ. ಕ್ಯಾಂಪ್‌ಬೆಲ್ ಕಂಪನಿಯ ಅಣಬೆ ಸೂಪ್ 1934ರಲ್ಲಿ ಬಂತು. 1955ರಲ್ಲಿ ಅದೇ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಎಂಬಾಕೆ ಆ ಸೂಪ್, ಬೀನ್ಸ್, ಕರಿದ ಈರುಳ್ಳಿ ಸೇರಿಸಿ ಒಂದು ಕ್ಯಾಸರೋಲ್ ಮಾಡಿದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಕರೆದರೆ ನಿಮ್ಮ ತಟ್ಟೆಗೂ ಅದು ಬಂದೀತು. ನನಗಂತೂ ಸಪ್ಪೆ. ಒಂದು ಹಸಿಮೆಣಸಿನಕಾಯಿಯನ್ನಾದರೂ ಹಾಕಬಾರದಿತ್ತೇ ಅನ್ನಿಸುತ್ತದೆ.

ಸಸ್ಯಾಹಾರಿಗಳು ಡಬ್ಬಿಯ ಹಿಂಬದಿ ಓದಲೇಬೇಕು. ತರಕಾರಿ ಸೂಪ್ ಎಂದು ಮುಂದೆ ಬರೆದಿರುತ್ತದೆ, ಹಿಂದೆ ಚಿಕನ್ ಬ್ರಾತ್, ಅಂದರೆ ಕೋಳಿ ಬೇಯಿಸಿದ ರಸ, ಇರಬಹುದು. ಚೀಸ್‌ಗೆ ಹಾಲು ಗಟ್ಟಿಯಾಗಲು ಕೆಲವರು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. 'ಮೈಕ್ರೋಬಿಯಲ್' ಅಥವಾ 'ವೆಜಿಟೆಬಲ್ ರೆನೆಟ್' ಎಂದಿದ್ದರೆ ತೆಗೆದುಕೊಳ್ಳಿ. ನಾನು ಡಬ್ಬಿ ಸೂಪ್ ಬಿಟ್ಟು ಬಹಳ ವರ್ಷ ಆಯಿತು. ಝುಣಕ ಮಾಡಿದವರಿಗೆ ಅಂಟು ಹೇಳಿಕೊಡಬೇಕೇ? ಒಂದು ಕಪ್ ಮೊಸರಿಗೆ ಎರಡು ಚಮಚ ಕಡಲೆ ಹಿಟ್ಟು, ಒಂದು ಕಪ್ ನೀರು ಕಡೆದು ಸುರಿದರೆ ಆಯಿತು. ಇಲ್ಲವೇ ಹುರಿದ ಶೇಂಗಾ ಪುಡಿ. ಚಟ್ನಿಪುಡಿಯನ್ನು ಮಾತ್ರ ಕೊನೆಗೆ, ಓವನ್‌ನಿಂದ ತೆಗೆದ ಮೇಲೆ ಉದುರಿಸಿ. ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಸೂಟ್‌ಕೇಸಿನಲ್ಲಿ ಖಡಕ್ ರೊಟ್ಟಿ ಒಯ್ಯುತ್ತೀರಿ ತಾನೆ? ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಗಳಿಂದ ಬಂದ ರೊಟ್ಟಿಯ ಒಟ್ಟಿಲು ನೋಡಿದವರಿಗೆ ಗೊತ್ತು, ಚೆನ್ನಾಗಿ ಒಣಗಿದ ಜೋಳದ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ. ವಿಮಾನ ನಿಲ್ದಾಣದಲ್ಲಿ ಕೇಳಿದರೆ ತಿನ್ನುವ ಪದಾರ್ಥ ಇದೆ ಎಂದು ನೇರವಾಗಿ ಹೇಳಿ. ಎಷ್ಟೇ ಜೋಪಾನ ಮಾಡಿದರೂ ಅರ್ಧ ರೊಟ್ಟಿ ಚೂರಾಗಿರುತ್ತವೆ. ಮೊದಲ ಸಲ ನಾನು ಅತ್ತೇ ಬಿಟ್ಟೆ. ಆಮೇಲೆ ಪಾಟ್‌ಲಕ್‌ನಲ್ಲಿ ಒಬ್ಬ ಮೆಕ್ಸಿಕೋದ ಹೆಂಗಸು ಮೆಕ್ಕೆಜೋಳದ ರೊಟ್ಟಿಯನ್ನು ಪದರ ಪದರವಾಗಿ ಇಟ್ಟು ಕಾಳು, ಚೀಸ್ ಹಾಕಿ ಬೇಯಿಸಿ ತಂದಿದ್ದರು. ಅಯ್ಯೋ, ನಮ್ಮ ಚೂರಿಗೂ ಇದೇ ದಾರಿ ಅಲ್ವಾ!

ಮಡಕೆ ಕಾಳೋ ಅಲಸಂದಿಯೋ, ಟೊಮೆಟೊ, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿ. ಕಾಳು ಬೇಯಿಸಲು ಹೊತ್ತಿಲ್ಲದಿದ್ದರೆ ಡಬ್ಬಿಯ ರಾಜ್ಮಾ ತೊಳೆದು ಹಾಕಿ. ಪಲ್ಯ ತೆಳ್ಳಗಿರಲಿ, ಸಾರಿಗಿಂತ ಸ್ವಲ್ಪ ಗಟ್ಟಿ ಅಷ್ಟೇ. ಖಡಕ್ ರೊಟ್ಟಿ ನೀರು ಕುಡಿಯುವುದನ್ನು ನೋಡಿದ್ದೀರಲ್ಲ, ಬೇಸಿಗೆಯಲ್ಲಿ ರಾಯಚೂರಿನ ನೆಲ ಕುಡಿದ ಹಾಗೆ. ಆರು ರೊಟ್ಟಿಗೆ ನಾಲ್ಕು ಕಪ್ ಪಲ್ಯ ಬೇಕು. ಟ್ರೇ ತಳಕ್ಕೆ ಒಂದು ಸೌಟು, ಮೇಲೆ ರೊಟ್ಟಿ ಚೂರು, ಮತ್ತೆ ಪಲ್ಯ, ಸ್ವಲ್ಪ ಚೀಸ್. ಹೀಗೆ ಮೂರು ಪದರ. ಫಾಯಿಲ್ ಮುಚ್ಚಿ 375ಕ್ಕೆ ಇಪ್ಪತ್ತೈದು ನಿಮಿಷ, ಫಾಯಿಲ್ ತೆಗೆದು ಇನ್ನು ಹತ್ತು. ತಳದ ರೊಟ್ಟಿ ಮುಟಗಿ ಹಾಗೆ ಮೆತ್ತಗಾಗಿರುತ್ತದೆ, ಮೇಲಿನದು ಇನ್ನೂ ಕಟುಂ ಅನ್ನುತ್ತದೆ. ಅಂಚಿನ ತುಂಡಿಗೆ ನಮ್ಮ ಮನೆಯಲ್ಲಿ ಜಗಳ. ಬಳ್ಳಾರಿಯ ಗೆಳತಿಯೊಬ್ಬಳು ಇದಕ್ಕೆ ಗುರೆಳ್ಳು ಪುಡಿ ಉದುರಿಸಿ ಮೇಲೆ ಹಸಿ ಈರುಳ್ಳಿ ಹಾಕುತ್ತಾಳೆ. ಅವಳದೇ ಜಾಸ್ತಿ ರುಚಿ, ಒಪ್ಪಿಕೊಂಡಿದ್ದೇನೆ.

ಎಣ್ಣೆಗಾಯಿಯೂ ಓವನ್‌ನಲ್ಲಿ ಚೆನ್ನಾಗಿ ಬರುತ್ತದೆ. ಸಣ್ಣ ಬದನೆಕಾಯಿ ಹನ್ನೆರಡು, ಒಳಗೆ ಶೇಂಗಾ ಎಳ್ಳು ಮಸಾಲೆ, ಸುತ್ತ ಹುಣಸೆ ನೀರು, ಕೈ ಬಿಚ್ಚಿ ಎಣ್ಣೆ. 400ಕ್ಕೆ ಮುಚ್ಚಿ ಮೂವತ್ತೈದು ನಿಮಿಷ, ಬಿಚ್ಚಿ ಹತ್ತು. ಮಕ್ಕಳು ಪಾಸ್ತಾ ಬೇಕೆಂದು ಅತ್ತರೆ ಪಾಸ್ತಾ, ಸಾಸ್, ಚೀಸ್ ಸೇರಿಸಿ ಒಳಗೆ ತಳ್ಳಿ. ಅದನ್ನು ನಾನು ಹೇಳಬೇಕಿಲ್ಲ, ಪ್ಯಾಕೆಟ್ ಮೇಲೇ ಬರೆದಿರುತ್ತದೆ.

ಭಾನುವಾರ ಎರಡು ಟ್ರೇ ಮಾಡಿ, ಒಂದು ತಿನ್ನಿ, ಒಂದು ಫ್ರೀಜರ್‌ಗೆ. ಟ್ರೇ ಒಳಗೆ ಮೊದಲೇ ಫಾಯಿಲ್ ಹಾಸಿಕೊಂಡರೆ ಗಡ್ಡೆ ಕಟ್ಟಿದ ಮೇಲೆ ಇಟ್ಟಿಗೆ ಹಾಗೆ ಎತ್ತಿ ಸುತ್ತಿಡಬಹುದು, ಟ್ರೇ ಖಾಲಿಯಾಗುತ್ತದೆ. ಹುಣಸೆ, ಟೊಮೆಟೊ ಜಾಸ್ತಿ ಇದ್ದರೆ ಫಾಯಿಲ್ ಬದಲು ಬೇಕಿಂಗ್ ಪೇಪರ್ ಹಾಸಿ, ಹುಳಿ ಫಾಯಿಲನ್ನು ತಿನ್ನುತ್ತದೆ. ಎರಡು ಮೂರು ತಿಂಗಳೊಳಗೆ ತಿಂದು ಮುಗಿಸಿ. ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿದರೆ ಮರುದಿನ ಸಂಜೆಗೆ ಸಡಿಲಾಗಿರುತ್ತದೆ. ಉಳಿದ ಊಟ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ, ಮೂರು ನಾಲ್ಕು ದಿನದಲ್ಲಿ ಖಾಲಿಯಾಗಲಿ. ಬೆಳಿಗ್ಗೆಯೇ ಟ್ರೇಯನ್ನು ಓವನ್‌ನಲ್ಲಿಟ್ಟು ಸಂಜೆಗೆ ಟೈಮರ್ ಹಾಕಿ ಹೋಗುವ ಬುದ್ಧಿವಂತರಿದ್ದಾರೆ. ಮಾಡಬೇಡಿ. ಇಡೀ ದಿನ ಹೊರಗಿದ್ದ ಅಡುಗೆ ಕೆಡುತ್ತದೆ.

ಇನ್ನೊಂದು ರಿವಾಜು. ಬಾಣಂತಿ ಮನೆಗೆ, ಸಾವಾದ ಮನೆಗೆ, ಹೊಸದಾಗಿ ಬಂದವರ ಮನೆಗೆ ಅಲ್ಲಿಯವರು ಕ್ಯಾಸರೋಲ್ ಒಯ್ಯುತ್ತಾರೆ. ನನ್ನ ಎರಡನೇ ಮಗು ಹುಟ್ಟಿದಾಗ ಎದುರು ಮನೆಯ ಅಜ್ಜಿ ಮೊಣಕಾಲು ಮಟ್ಟದ ಹಿಮದಲ್ಲಿ ಟ್ರೇ ಹಿಡಿದುಕೊಂಡು ಬಂದರು. ಮಾಂಸ ತಿನ್ನುವುದಿಲ್ಲ ಎಂದು ಯಾರನ್ನೋ ಕೇಳಿ ತಿಳಿದುಕೊಂಡು ಬರೀ ಕಾಳು ಹಾಕಿದ್ದರು. ಮೇಲೆ ಆಲೂಗಡ್ಡೆಯ ಪುಟ್ಟ ಪುಟ್ಟ ಉಂಡೆ, ಟೇಟರ್ ಟಾಟ್ಸ್ ಅನ್ನುತ್ತಾರೆ. ಟ್ರೇ ತಳಕ್ಕೆ ಟೇಪ್ ಅಂಟಿಸಿ ತಮ್ಮ ಹೆಸರು ಬರೆದಿದ್ದರು, ತೊಳೆದು ವಾಪಸ್ ಕೊಡಲಿ ಎಂದು. ಖಾಲಿ ಕೊಡುವ ಅಭ್ಯಾಸ ನಮಗಿಲ್ಲವಲ್ಲ, ಆರು ಶೇಂಗಾ ಹೋಳಿಗೆ ಇಟ್ಟು ಕೊಟ್ಟೆ. ಮರುವಾರ ಅಜ್ಜಿ ಮತ್ತೆ ಟ್ರೇ ತುಂಬಿಸಿಕೊಂಡು ಬಂದರು.

ನನ್ನ ಟ್ರೇಗಳ ತಳಕ್ಕೂ ಈಗ ಟೇಪ್ ಇದೆ. ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಆ ಬೀದಿಯಲ್ಲಿ ಬೇರೆ ಯಾರಿಗೂ ಓದಲು ಬರುವುದಿಲ್ಲ, ಹಾಗಾಗಿ ಎಲ್ಲಿ ಬಿಟ್ಟುಬಂದರೂ ನೇರ ನಮ್ಮ ಮನೆಗೇ ತಂದುಕೊಡುತ್ತಾರೆ.