ಗೋಸುಂಬೆ ಮರಿ ಸಾಕ್ತೀರಾ? ಮೊದಲು ಗೂಡು, ಆಮೇಲೆ ಮರಿ

ನಮ್ಮನೆ ಗೋಸುಂಬೆಗೆ ಮೊದಲ ಮೂರು ತಿಂಗಳು ಬಸ್ಯ ಅಂತ ಹೆಸರಿತ್ತು, ಈಗ ಬಸವ್ವ. ಹೆಸರು ಯಾಕೆ ಬದಲಾಯ್ತು ಅನ್ನೋದು ಬರೀ ತಮಾಷೆ ಅಲ್ಲ, ಮರಿ ತರೋರೆಲ್ಲ ತಿಳ್ಕೊಂಡಿರ್ಬೇಕಾದ ವಿಷಯ, ಅದಕ್ಕೆ ಆಮೇಲೆ ಬರ್ತೀನಿ.

ನಾವಿರೋದು ಅಮೆರಿಕದ ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ರ. ಮಗಳು ನಾಯಿ ಕೇಳಿದ್ಲು, ಬೇಡ ಅಂದೆ, ಬೆಕ್ಕು ಕೇಳಿದ್ಲು, ಬೇಡ ಅಂದೆ, ಕೊನೆಗೆ ಗೋಸುಂಬೆ ಅಂದಾಗ ಇದೇನು ಒಂದು ಮೂಲೇಲಿ ಸುಮ್ನೆ ಕೂತಿರುತ್ತೆ ಬಿಡು ಅಂತ ಹೂಂ ಅಂದುಬಿಟ್ಟೆ, ಆ ಹೂಂಗೆ ಇವತ್ತಿಗೂ ದಂಡ ಕಟ್ತಿದೀನಿ. ತಿಪಟೂರಲ್ಲಿರೋ ಅಮ್ಮಂಗೆ ವಿಡಿಯೊ ಕಾಲಲ್ಲಿ ತೋರಿಸಿದ್ರೆ "ಅಯ್ಯೋ, ಓತಿಕ್ಯಾತನ ಯಾಕೋ ಮನೆ ಒಳಗೆ ತಂದೆ" ಅಂದ್ರು. ಓತಿಕ್ಯಾತ ಅಲ್ಲಮ್ಮ, ಅದು ಕಾಂಪೌಂಡ್ ಮೇಲೆ ಕೂತು ತಲೆ ಆಡಿಸಿ, ಹತ್ರ ಹೋದ್ರೆ ಸರ್ರಂತ ಓಡಿ ಹೋಗುತ್ತಲ್ಲ ಅದು, ಇದು ಒಂದು ಹೆಜ್ಜೆ ಇಡೋಕೆ ಮುಂಚೆ ಮೂರು ಸಲ ಹಿಂದಕ್ಕೂ ಮುಂದಕ್ಕೂ ತೂಗಾಡಿ, ಇಡ್ಲೋ ಬೇಡ್ವೋ ಅಂತ ಯೋಚ್ನೆ ಮಾಡೋ ಜೀವ ಅಂತ ಹೇಳಿದೆ. "ಯಾವ್ದೋ ಒಂದು, ದೇವರ ಮನೆ ಕಡೆ ಬಿಡ್ಬೇಡ" ಅಂತ ಫೋನಿಟ್ರು.

ಊರಲ್ಲಿ ಓದ್ತಿರೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ಬಯಲುಸೀಮೆ ಬೇಲಿಗಳಲ್ಲಿ ಕಾಣೋ ನಮ್ಮ ಗೋಸುಂಬೆನ ಹಿಡ್ಕೊಂಡ್ ಬಂದು ಸಾಕೋ ಹಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ವಿದೇಶಿ ಜಾತಿಗಳಿಗೂ 2022ರ ತಿದ್ದುಪಡಿ ಆದ್ಮೇಲೆ ಸರ್ಕಾರದ ಹತ್ರ ನೋಂದಣಿ ಮಾಡಿಸ್ಬೇಕು. ಇಲ್ಲಿ ಬರೀತಿರೋದು ಅಮೆರಿಕದಲ್ಲಿ ಫಾರಂಗಳಲ್ಲೇ ಮೊಟ್ಟೆ ಒಡೆದು ಬಂದು ಅಂಗಡಿಲಿ ಸಿಗೋ ವೇಲ್ಡ್ ಕ್ಯಾಮಿಲಿಯನ್ ಬಗ್ಗೆ. ಇದರ ಮೂಲ ಯೆಮೆನ್ ಮತ್ತೆ ಸೌದಿ ಅರೇಬಿಯಾದ ನೈಋತ್ಯ ಮೂಲೆ, ತಲೆ ಮೇಲೆ ಕಿರೀಟ ಇಟ್ಟಂಗೆ ಒಂದು ದಿಬ್ಬ ಎತ್ತರಕ್ಕೆ ಬೆಳೆಯುತ್ತೆ. ಗೋಸುಂಬೆಗಳಲ್ಲಿ ಸ್ವಲ್ಪ ಗಟ್ಟಿಪಿಂಡ ಇದೇ, ಹೊಸಬರಿಗೆ ಇದನ್ನೇ ಕೊಡೋದು. ಗಟ್ಟಿಪಿಂಡ ಅಂದ್ರೂ ಗೋಸುಂಬೆ ಲೆಕ್ಕದಲ್ಲಿ, ನಾಯಿಮರಿ ಲೆಕ್ಕದಲ್ಲಿ ಅಲ್ಲ.

ಹಂತ 1: ಗೂಡು ರೆಡಿ ಮಾಡಿ, ಮರಿ ಆಮೇಲೆ

ಎಲ್ರೂ ಮಾಡೋ ತಪ್ಪನ್ನೇ ನಾನೂ ಮಾಡಿದೆ, ಮರಿ ತಂದು ಡಬ್ಬಿಲಿ ಇಟ್ಕೊಂಡು ಗೂಡು ಜೋಡಿಸೋಕೆ ಕೂತೆ. ಗೂಡನ್ನ ಒಂದು ವಾರ ಮುಂಚೆನೇ ನಿಲ್ಲಿಸಿ, ಲೈಟ್ ಹಾಕಿ, ನೀರು ಹೊಡೆದು, ಬಿಸಿ ಎಷ್ಟು ಬರ್ತಿದೆ ಅಂತ ಅಳೆದು ನೋಡಿ ಆಮೇಲೆ ಮರಿ ತನ್ನಿ.

ಜಾಲರಿ ಗೂಡೇ ಬೇಕು. ಮರಿಗೆ 16 ಇಂಚು ಅಗಲ, 16 ಇಂಚು ಆಳ, 30 ಇಂಚು ಎತ್ತರದ್ದು ಸಾಕು, ದೊಡ್ಡದಾದ್ಮೇಲೆ ಎರಡಡಿ ಅಗಲ ನಾಲ್ಕಡಿ ಎತ್ತರದ್ದು ಬೇಕಾಗುತ್ತೆ. ಮೀನಿನ ಗಾಜಿನ ತೊಟ್ಟಿ ಖಾಲಿ ಇದೆ, ಅದ್ರಲ್ಲೇ ಬಿಡೋಣ ಅನ್ನೋರು ಇದಾರೆ. ಬೇಡ, ಗಾಳಿ ಆಡಲ್ಲ, ಅದೂ ಅಲ್ದೆ ಗಾಜಲ್ಲಿ ತನ್ನ ಮುಖ ತಾನೇ ನೋಡಿ ಇನ್ಯಾರೋ ಬಂದ ಅಂತ ದಿನವಿಡೀ ಬಾಯಿ ತೆರೆದು ಬುಸುಗುಡ್ತಾ ಕೂರುತ್ತೆ. ಇದೇ ಕಾರಣಕ್ಕೆ ಒಂದು ಗೂಡಿಗೆ ಒಂದೇ ಮರಿ, ಅಣ್ಣ ತಮ್ಮ ಜೊತೆಲಿರ್ಲಿ ಪಾಪ ಅನ್ನೋ ಸೆಂಟಿಮೆಂಟ್ ಇಲ್ಲಿ ನಡೆಯಲ್ಲ.

ಒಳಗೆ ಗಿಡ ತುಂಬಿಸಿ, ಪ್ಲಾಸ್ಟಿಕ್ ಎಲೆ ಅಲ್ಲ, ನಿಜವಾದ್ದು, ಯಾಕಂದ್ರೆ ಈ ಜಾತಿ ಎಲೆ ಕೂಡ ತಿನ್ನುತ್ತೆ. ಇಲ್ಲಿ ಪೋಥೋಸ್ ಅಂತಾರೆ, ನಮ್ಮ ಅದೇ ಮನಿ ಪ್ಲಾಂಟು, ಅದು ಚೆನ್ನಾಗಿ ಹಬ್ಬುತ್ತೆ. ದಾಸವಾಳ ಇನ್ನೂ ಒಳ್ಳೇದು. ನಮ್ಮನೆ ಕುಂಡದ ದಾಸವಾಳ ದೇವರಿಗೆ ಏರ್ತಾ ಇತ್ತು, ಈಗ ಮೊಗ್ಗಿರುವಾಗ್ಲೇ ಬಸವ್ವನ ಹೊಟ್ಟೆಗೆ ಹೋಗುತ್ತೆ. ನರ್ಸರಿ ಗಿಡಕ್ಕೆ ಔಷಧಿ ಹೊಡೆದಿರ್ತಾರೆ, ಎಲೆ ಚೆನ್ನಾಗಿ ತೊಳೆದು ಮಣ್ಣು ಬದಲಾಯಿಸಿ ಇಡಿ. ಹೆಬ್ಬೆರಳು ದಪ್ಪದಿಂದ ಕಡ್ಡಿ ದಪ್ಪದವರೆಗೆ ಬೇರೆ ಬೇರೆ ರೆಂಬೆ ಅಡ್ಡಡ್ಡ ಕಟ್ಟಿ. ಇದರ ಪಾದ ಇಕ್ಕಳದ ಥರ, ಬೆರಳು ಎರಡು ಒಂದು ಕಡೆ ಮೂರು ಇನ್ನೊಂದು ಕಡೆ ಕೂಡ್ಕೊಂಡಿರುತ್ತೆ, ಹಿಡ್ಕೊಳ್ಳೋಕೆ ಏನಾದ್ರೂ ಇಲ್ದಿದ್ರೆ ಜಾಲರಿಗೆ ಉಗುರು ಸಿಗಿಸ್ಕೊಂಡು ಗಾಯ ಮಾಡ್ಕೊಳ್ಳುತ್ತೆ.

ಗೂಡನ್ನ ಟೇಬಲ್ ಮೇಲೆ ಎತ್ತರಕ್ಕೆ ಇಡಿ. ಮೇಲಿಂದ ನಮ್ಮನ್ನ ನೋಡುವಾಗ ಅದಕ್ಕೆ ಧೈರ್ಯ, ನಾವು ಮೇಲಿಂದ ಬಗ್ಗಿದ್ರೆ ಹದ್ದು ಬಂದಂಗೆ. ಏಸಿ ಗಾಳಿ ನೇರ ಹೊಡೆಯೋ ಜಾಗ ಬೇಡ, ಟೆಕ್ಸಾಸಲ್ಲಿ ಅಂಥ ಜಾಗ ಹುಡುಕೋದೇ ಒಂದು ಕೆಲಸ.

ಹಂತ 2: ಬಿಸಿಲು ತರಿಸೋದು

ದುಡ್ಡು ಉಳಿಸೋಕೆ ಹೋಗ್ಬಾರದ ಜಾಗ ಇದು. ಅಂಗಡಿಯವ್ನು ನಂಗೆ "ಸ್ಟಾರ್ಟರ್ ಕಿಟ್" ಅಂತ ಕೊಟ್ಟಿದ್ರಲ್ಲಿ ಸುರುಳಿ ಬಲ್ಬು, ಕೆಂಪು ಲೈಟು, ನೀರಿನ ಬಟ್ಟಲು ಇತ್ತು. ಮೂರೂ ವೇಸ್ಟು. ಬೇಕಾಗಿರೋದು ಎರಡು ಲೈಟು. ಒಂದು ಉದ್ದ ಟ್ಯೂಬಿನ ಯುವಿಬಿ, ಅಂದ್ರೆ ಬಿಸಿಲಲ್ಲಿರೋ ಥರದ ಅತಿನೇರಳೆ ಕಿರಣ ಬಿಡೋ ಲೈಟು, ಟಿ5 ಅಂತಾರೆ, 5.0 ಅಥವಾ 6 ಪರ್ಸೆಂಟ್ ಅಂತ ಬರೆದಿರುತ್ತೆ. ಇನ್ನೊಂದು ಬಿಸಿಗೆ, ಮಾಮೂಲಿ ಬಿಳಿ ಬಲ್ಬು. ಯುವಿಬಿ ಇಲ್ದಿದ್ರೆ ಮೈಯಲ್ಲಿ ಡಿ3 ವಿಟಮಿನ್ ಆಗಲ್ಲ, ಡಿ3 ಇಲ್ದಿದ್ರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲ್ಲ, ಮೂಳೆ ಮೆತ್ತಗಾಗಿ ಕಾಲು ಬಿಲ್ಲಿನ ಥರ ಬಗ್ಗುತ್ತೆ, ದವಡೆ ರಬ್ಬರ್ ಆಗುತ್ತೆ. ಒಂದ್ಸಲ ಬಗ್ಗಿದ ಕಾಲು ಮತ್ತೆ ನೆಟ್ಟಗಾಗಲ್ಲ. ಬೆಳೆಯೋ ಮರಿಗೆ ಇದು ವಾರಗಳ ಲೆಕ್ಕದಲ್ಲಿ ಆಗೋ ಅನಾಹುತ. ಕಿಟಕಿ ಬಿಸಿಲು ಬೀಳುತ್ತಲ್ಲ ಅಂತೀರಾ, ಕಿಟಕಿ ಗಾಜು ಯುವಿಬಿನ ಒಳಗೆ ಬಿಡಲ್ಲ.

ಟ್ಯೂಬು ಜಾಲರಿ ಮೇಲಿರ್ಲಿ, ಕೂರೋ ರೆಂಬೆ ಅದರಿಂದ ಸುಮಾರು 8–9 ಇಂಚು ಕೆಳಗಿರ್ಲಿ. ಬೆಳಕು ಬರ್ತಾನೇ ಇದ್ರೂ ವರ್ಷಕ್ಕೊಂದ್ಸಲ ಬದಲಾಯಿಸಿ, ಕಣ್ಣಿಗೆ ಕಾಣೋ ಬೆಳಕಿದ್ರೂ ಯುವಿಬಿ ಸೋತಿರುತ್ತೆ. ಬಿಸಿ ಬಲ್ಬಿನ ಕೆಳಗೆ ರೆಂಬೆ ಹತ್ರ ಮರಿಗೆ 80–85 ಫ್ಯಾರನ್‌ಹೀಟ್ ಸಾಕು, ಅಂದ್ರೆ 27ರಿಂದ 29 ಸೆಲ್ಸಿಯಸ್. ಮರುಭೂಮಿ ಕಡೆಯದ್ದು ಅಂತ ಜಾಸ್ತಿ ಕಾಯಿಸ್ಬೇಡಿ, ಇಷ್ಟು ಸಣ್ಣ ಮೈ ಬೇಗ ಒಣಗಿಹೋಗುತ್ತೆ. ನಾನು ಬಲ್ಬಿನ ಬುಟ್ಟಿನ ಜಾಲರಿಗೆ ತಾಗಿಸಿ ಇಟ್ಟಿದ್ದೆ, ಒಂದಿನ ನೋಡ್ತೀನಿ, ಬಸ್ಯ ಚಾವಣಿ ಜಾಲರಿಗೆ ತಲೆಕೆಳಗಾಗಿ ನೇತಾಡ್ತಾ ಬೆನ್ನನ್ನ ಬಲ್ಬಿಗೆ ಒಡ್ಕೊಂಡಿದೆ. ಸುಡ್ತಾ ಇದ್ರೂ ಎಷ್ಟೋ ಸಲ ಇವು ಜಾಗ ಬಿಟ್ಟು ಕದಲಲ್ಲ. ಪುಣ್ಯಕ್ಕೆ ಅವತ್ತು ಏನೂ ಆಗಿರ್ಲಿಲ್ಲ, ಬಲ್ಬನ್ನ ನಾಲ್ಕಿಂಚು ಮೇಲಕ್ಕೆ ಎತ್ತಿದೆ.

ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಪೂರ್ತಿ ಕತ್ತಲೆ, ಒಂದು ಟೈಮರ್ ಹಾಕ್ಬಿಡಿ. ರಾತ್ರಿ ಬಿಸಿ ಬೇಡ, ರೂಮು 65 ಫ್ಯಾರನ್‌ಹೀಟಿಗೆ ಇಳಿದ್ರೂ ಆರಾಮಾಗಿ ಮಲಗುತ್ತೆ. ಮಲಗಿದ ಗೋಸುಂಬೆನ ಒಂದ್ಸಲ ಬಾಗಿಲ ಸಂದಿಯಿಂದ ಬಗ್ಗಿ ನೋಡಿ, ಬಾಲನ ಚಕ್ಕುಲಿ ಥರ ಸುತ್ಕೊಂಡು, ಎಳೇ ವೀಳ್ಯದೆಲೆ ಬಣ್ಣಕ್ಕೆ ತಿರುಗಿ ರೆಂಬೆ ತುದೀಲಿ ಅಂಟ್ಕೊಂಡಿರುತ್ತೆ. ಟಾರ್ಚ್ ಹಾಕ್ಬೇಡಿ.

ಹಂತ 3: ಮಳೆ ತರಿಸೋದು

ನೀರಿನ ಬಟ್ಟಲು ಯಾಕೆ ವೇಸ್ಟು ಅಂದ್ರೆ ನಿಂತ ನೀರು ಇದರ ಕಣ್ಣಿಗೆ ನೀರೇ ಅಲ್ಲ. ಎಲೆ ಮೇಲೆ ಹೊಳೆಯೋ ಹನಿನೇ ನೀರು. ಬೆಳಿಗ್ಗೆ ಲೈಟ್ ಬರೋಕೆ ಮುಂಚೆ ಮತ್ತೆ ರಾತ್ರಿ ಲೈಟ್ ಆರಿದ್ಮೇಲೆ ಎಲೆ ತೊಯ್ಯೋವರೆಗೆ ಒಂದೆರಡು ನಿಮಿಷ ಸಣ್ಣಗೆ ಸ್ಪ್ರೇ ಮಾಡಿ, ಮಧ್ಯಾಹ್ನ ಒಂದು ತೊಟ್ಟಿಕ್ಕೋ ಬಾಟಲಿ ಮೇಲಿಟ್ರೆ ಇನ್ನೂ ಒಳ್ಳೇದು. ಹಗಲು ಗಾಳಿಲಿ ತೇವ 40–50 ಪರ್ಸೆಂಟ್ ಇದ್ರೆ ಸಾಕು, ರಾತ್ರಿ ಜಾಸ್ತಿ ಇರ್ಲಿ. ದಿನವಿಡೀ ಒದ್ದೆ ಇಟ್ರೆ ಎದೆಕಟ್ಟುತ್ತೆ, ಶ್ವಾಸಕೋಶದ ಸೋಂಕು, ಹಾಗಾಗಿ ಎರಡು ಮಳೆ ನಡುವೆ ಎಲೆ ಪೂರ್ತಿ ಒಣಗ್ಬೇಕು. ಕೆಳಗೆ ಟ್ರೇ ಇಡೋದು ಮರೀಬೇಡಿ, ಬಾಡಿಗೆ ಮನೆ ಕಾರ್ಪೆಟ್ ಇದ್ರಂತೂ ಖಂಡಿತ ಮರೀಬೇಡಿ.

ಮೊದಲ ಮೂರು ದಿನ ಇದು ನೀರೇ ಕುಡೀಲಿಲ್ಲ ಅಂತ ಮಗಳು ಅಳೋಕೆ ಶುರು ಮಾಡಿದ್ಲು. ನಾವಿಬ್ರೂ ಮುಂದೆ ಕೂತು ನೋಡ್ತಿದ್ದಿದ್ದೇ ತಪ್ಪಾಗಿತ್ತು. ನಾಲ್ಕನೇ ದಿನ ಅಡುಗೆಮನೆಯಿಂದ ಕದ್ದು ನೋಡಿದ್ವಿ, ಮನಿ ಪ್ಲಾಂಟ್ ಎಲೆ ತುದೀಲಿ ಒಂದು ಹನಿ ಜೋತಾಡ್ತಿತ್ತು, ಒಂದು ಕಣ್ಣು ನಮ್ಮ ಕಡೆ, ಇನ್ನೊಂದು ಕಣ್ಣು ಹನಿ ಕಡೆ, ಮೆಲ್ಲಗೆ ಬಾಯಿ ಹತ್ರ ತಂದು ಎಲೆ ಅಂಚನ್ನೇ ಚಪ್ಪರಿಸಿತು. ಕುಡಿದಿದ್ಯೋ ಇಲ್ವೋ ಅಂತ ಅನುಮಾನ ಇದ್ರೆ ಹಿಕ್ಕೆ ನೋಡಿ. ಹಿಕ್ಕೆ ತುದೀಲಿ ಬಿಳಿ ಭಾಗ ಇರುತ್ತೆ, ಅದು ಬಿಳಿ ಇದ್ರೆ ಸರಿ, ಕಿತ್ತಳೆ ಬಣ್ಣ ಇದ್ರೆ ನೀರು ಸಾಲ್ತಿಲ್ಲ.

ಹಂತ 4: ಊಟ

ಕ್ರಿಕೆಟ್ ಹುಳ, ಅಂದ್ರೆ ರಾತ್ರಿ ಕಿರ್ರ್ ಅನ್ನುತ್ತಲ್ಲ ಅದು. ಜೀವಂತವಾಗೇ ಬೇಕು, ಅಲ್ಲಾಡದೇ ಇರೋ ಹುಳ ಊಟ ಅಂತಾನೇ ಅದಕ್ಕೆ ಅನ್ಸಲ್ಲ. ನಮ್ಮಂಥ ಸಸ್ಯಾಹಾರಿ ಮನೆಲಿ ಇದು ಸಣ್ಣ ವಿಷಯ ಅಲ್ಲ, ನನ್ನ ಹೆಂಡ್ತಿ ಹುಳದ ಡಬ್ಬಿನ ಗ್ಯಾರೇಜ್ ದಾಟಿ ಒಳಗೆ ಬರೋಕೆ ಬಿಡಲ್ಲ. ಸೈಜಿಗೆ ಒಂದೇ ಲೆಕ್ಕ, ಮರಿಯ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ಹುಳ ದೊಡ್ಡದಿರ್ಬಾರ್ದು. ತೀರಾ ಚಿಕ್ಕ ಮರಿಗೆ ಹಾರೋಕಾಗದ ಹಣ್ಣಿನ ನೊಣನೂ ಸಿಗುತ್ತೆ. ದಿನಕ್ಕೆರಡು ಸಲ, ಹತ್ತು ಹದಿನೈದು ನಿಮಿಷದಲ್ಲಿ ಎಷ್ಟು ತಿನ್ನುತ್ತೋ ಅಷ್ಟು. ಮಿಕ್ಕಿದ ಹುಳನ ಸಂಜೆ ಎತ್ತಿಬಿಡಿ, ರಾತ್ರಿ ಅವು ಮಲಗಿರೋ ಮರಿನೇ ಕಚ್ಚುತ್ವೆ.

ಹುಳ ಏನು ತಿಂದಿರುತ್ತೋ ಅದೇ ಮರಿಗೆ ಹೋಗೋದು, ಹಾಗಾಗಿ ಹುಳಕ್ಕೂ ಹಿಂದಿನ ದಿನವೇ ಸೊಪ್ಪು, ಕ್ಯಾರೆಟ್, ಕುಂಬಳಕಾಯಿ ಹಾಕಿ. ಕೊಡೋ ಮುಂಚೆ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿನ ಒಂದು ಡಬ್ಬಿಗೆ ಚಿಟಿಕೆ ಹಾಕಿ ಹುಳನ ಅದ್ರಲ್ಲಿ ಕುಲುಕಿ, ವಿಭೂತಿ ಬಳಿದಂಗೆ ತೆಳ್ಳಗೆ ಅಂಟ್ಕೊಂಡ್ರೆ ಸಾಕು. ಹದಿನೈದು ದಿನಕ್ಕೊಮ್ಮೆ ಡಿ3 ಮತ್ತೆ ವಿಟಮಿನ್ ಇರೋ ಪುಡಿ, ಅದು ಮಾತ್ರ ಜಾಸ್ತಿ ಆದ್ರೆ ವಿಷ. ಹಿತ್ತಲಲ್ಲಿ ಹಿಡಿದ ಹುಳ ಹಾಕ್ಬೇಡಿ. ಮುಖ್ಯವಾಗಿ ಮಿಂಚುಹುಳ, ಇಲ್ಲಿ ಬೇಸಿಗೆ ಸಂಜೆ ಹುಲ್ಲಿನ ಮೇಲೆ ಮಿಣಮಿಣ ಅಂತಿರುತ್ವೆ, ಒಂದೇ ಒಂದು ತಿಂದ್ರೂ ಇಂಥ ಪ್ರಾಣಿ ಸಾಯ್ಬಹುದು.

ನಾಲಿಗೆ ಬಿಡೋದನ್ನ ಮಾತ್ರ ತಪ್ಪದೇ ನೋಡಿ. ಎರಡೂ ಕಣ್ಣು ಒಟ್ಟಿಗೆ ಮುಂದಕ್ಕೆ ತಿರುಗಿದ್ವು ಅಂದ್ರೆ ಬರ್ತಾ ಇದೆ ಅಂತ ಅರ್ಥ. ಮೈಗಿಂತ ಉದ್ದದ ನಾಲಿಗೆ, ಹೋಗಿದ್ದು ಕಾಣಲ್ಲ, ವಾಪಸ್ ಬಂದಿದ್ದಷ್ಟೇ ಕಾಣುತ್ತೆ.

ಹಂತ 5: ಮರಿ ಆರಿಸೋದು, ಆಮೇಲೆ ಕೈ ಕಟ್ಕೊಂಡು ಕೂರೋದು

ಈಗ ಅಂಗಡಿಗೆ ಹೋಗಿ. ಮೂರು ತಿಂಗಳಿಗಿಂತ ಚಿಕ್ಕದು ಬೇಡ, ಎಷ್ಟೇ ಮುದ್ದಾಗಿದ್ರೂ. ಕಣ್ಣಿನ ಗುಡ್ಡೆ ಉಬ್ಬಿರ್ಬೇಕು, ಒಳಗೆ ಕುಸಿದಿರ್ಬಾರ್ದು, ಹಗಲು ಹೊತ್ತಲ್ಲಿ ಕಣ್ಣು ಮುಚ್ಚಿ ಕೂತಿದ್ರೆ ಅದು ಜ್ವರ ಬಂದ ಮಗು ಇದ್ದಂಗೆ, ವಾಪಸ್ ಬನ್ನಿ. ಕಾಲು ನೇರ ಇದ್ಯಾ, ರೆಂಬೆನ ಬಿಗಿಯಾಗಿ ಹಿಡಿದಿದ್ಯಾ ನೋಡಿ.

ಆಮೇಲೆ ಹಿಂಗಾಲಿನ ಹಿಮ್ಮಡಿ ನೋಡಿ. ಗಂಡಿಗೆ ಹುಟ್ಟಿದಾಗ್ಲಿಂದ್ಲೇ ಅಲ್ಲಿ ಸಾಸಿವೆ ಕಾಳಿನಷ್ಟು ಒಂದು ಮುಳ್ಳಿನಂಥ ಗಂಟು ಇರುತ್ತೆ, ಹೆಣ್ಣಿಗಿರಲ್ಲ. ನಂಗಿದು ಗೊತ್ತಿರ್ಲಿಲ್ಲ, ಅಂಗಡಿಯವ್ನು ಗಂಡು ಅಂದ, ನಂಬಿ ಬಸ್ಯ ಅಂತ ಹೆಸರಿಟ್ವಿ. ಮೂರು ತಿಂಗಳಾದ್ಮೇಲೆ ಡಾಕ್ಟ್ರು ಕಾಲೆತ್ತಿ ನೋಡಿ ನಕ್ಕರು. ಹೆಣ್ಣಾದ್ರೆ ಏನೀಗ ಅಂತೀರಾ? ಕೋಳಿ ಥರ ಗಂಡಿನ ಸಂಗ ಇಲ್ದೇನೂ ಮೊಟ್ಟೆ ಇಡುತ್ತೆ, ಇಡೋಕೆ ಮಣ್ಣು ಸಿಗದಿದ್ರೆ ಒಳಗೇ ಸಿಕ್ಕಾಕ್ಕೊಂಡು ಸತ್ತೋಗುತ್ತೆ. ಐದು ತಿಂಗಳಾದ ಮೇಲೆ ಒಂದಡಿ ಆಳದ ಬಕೆಟ್ಟಲ್ಲಿ ತೊಳೆದ ಮರಳನ್ನ ತೇವ ಮಾಡಿ, ಬೆರಳಲ್ಲಿ ತೂತು ಮಾಡಿದ್ರೆ ಕುಸಿಯದಷ್ಟು ತೇವ, ಗೂಡಲ್ಲಿ ಇಟ್ಟಿರಿ. ಕೆಳಗಿಳಿದು ತೋಡೋಕೆ ಶುರು ಮಾಡಿದ್ರೆ ಗೂಡಿಗೆ ಬೆಡ್‌ಶೀಟ್ ಮುಚ್ಚಿ ದೂರ ಹೋಗಿ, ನೀವು ಕಂಡ್ರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೆ.

ಮನೆಗೆ ತಂದ ಮೇಲೆ ಎರಡು ವಾರ ಊಟ ನೀರು ಬಿಟ್ಟು ಇನ್ನೇನೂ ಬೇಡ. ಕೈ ಮೇಲೆ ಹತ್ತಿಸೋದು, ಫೋಟೊ, ರೀಲ್ಸು ಎಲ್ಲ ಬಿಡಿ. ಗೋಸುಂಬೆ ಬಣ್ಣ ಬದಲಾಯಿಸೋದು ಹಿಂದಿರೋ ಗೋಡೆ ಬಣ್ಣಕ್ಕೆ ಹೊಂದೋಕೆ ಅಂತ ನಾವೆಲ್ಲ ಅಂದ್ಕೊಂಡಿದೀವಿ, ರಾಜಕಾರಣಿಗಳನ್ನ ಬಯ್ಯೋಕೂ ಅದನ್ನೇ ಬಳಸ್ತೀವಿ. ಹೆಚ್ಚಾಗಿ ಅದು ಮೂಡು, ಬಿಸಿಲು, ಭಯದ ಮೇಲೆ ಬದಲಾಗೋದು. ಚರ್ಮದೊಳಗಿನ ಸಣ್ಣ ಸಣ್ಣ ಹರಳುಗಳ ನಡುವಿನ ಅಂತರ ಹಿಗ್ಗಿ ಕುಗ್ಗಿ ಬಣ್ಣ ಬದಲಾಗುತ್ತೆ ಅಂತ ಜಿನೀವಾ ವಿಶ್ವವಿದ್ಯಾಲಯದವರು 2015ರಲ್ಲಿ ಪ್ಯಾಂಥರ್ ಕ್ಯಾಮಿಲಿಯನ್ ಮೇಲೆ ತೋರಿಸಿದ್ರು. ನಿಮಗೆ ಬೇಕಾಗಿರೋದು ಇಷ್ಟೇ: ತಿಳಿ ಹಸಿರಿದ್ರೆ ಆರಾಮಾಗಿದೆ, ನಿಮ್ಮನ್ನ ನೋಡಿದ ತಕ್ಷಣ ಕಪ್ಪು ಕಂದು ಆಗಿ ಮೈ ಚಪ್ಪಟೆ ಮಾಡಿ ಬಾಯಿ ತೆರೆದ್ರೆ ಹೋಗಪ್ಪಾ ಅಂತಿದೆ, ಹೋಗಿ. ಬೆಳಿಗ್ಗೆ ಬಿಸಿಲು ಕಾಯೋವಾಗ ಕಪ್ಪಗಿದ್ರೆ ಗಾಬರಿ ಬೇಡ, ಬಿಸಿ ಹೀರ್ಕೊಳ್ತಿರುತ್ತೆ.

ತಂದ ಮೊದಲ ತಿಂಗಳಲ್ಲೇ ಸರೀಸೃಪ ನೋಡೋ ಡಾಕ್ಟ್ರನ್ನ ಹುಡುಕಿ ಇಟ್ಕೊಳಿ, ಮಾಮೂಲಿ ನಾಯಿ ಬೆಕ್ಕಿನ ಡಾಕ್ಟ್ರು ಎಷ್ಟೋ ಜನ ಇದನ್ನ ಮುಟ್ಟಲ್ಲ. ಹಿಕ್ಕೆ ತಗೊಂಡೋಗಿ ಹೊಟ್ಟೆಹುಳದ ಟೆಸ್ಟ್ ಮಾಡಿಸಿ. ಬೇಜಾರಾಯ್ತು ಅಂತ ಪಾರ್ಕಲ್ಲಿ ಬಿಟ್ಟು ಬರೋದಂತೂ ಬೇಡವೇ ಬೇಡ, ಹಾಗೆ ಹೊರಗೆ ಸೇರ್ಕೊಂಡ ಇದೇ ಜಾತಿ ಫ್ಲಾರಿಡಾದಲ್ಲಿ ಈಗ ಬೇರೂರಿ ಕೂತಿದೆ.

ಊರಿಗೆ ಹೋಗೋ ಟಿಕೆಟ್ ಬುಕ್ ಮಾಡೋಕೆ ಮುಂಚೆ ಹುಳ ಹಾಕೋರು ಯಾರು ಅಂತ ಗೊತ್ತು ಮಾಡ್ಕೊಳಿ. ಇದು ಐದಾರು ವರ್ಷದ ಜವಾಬ್ದಾರಿ, ಗಂಡಾದ್ರೆ ಇನ್ನೂ ಒಂದೆರಡು ವರ್ಷ ಜಾಸ್ತಿ. ಹೋದ ಡಿಸೆಂಬರಲ್ಲಿ ಪಕ್ಕದ ಮನೆ ಧಾರವಾಡದ ಆಂಟಿನ ಕೇಳಿದ್ವಿ. "ನೀರು ಬೇಕಾದ್ರ ದಿನಾ ಹೊಡೀತೀನಿ, ಹುಳಾ ಮಾತ್ರ ಮುಟ್ಟಂಗಿಲ್ಲ ನೋಡಪಾ" ಅಂದ್ರು. ಕೊನೆಗೆ ಹುಳದ ಕೆಲಸ ಅವರ ಮಗ ವಹಿಸ್ಕೊಂಡ, ದಿನಕ್ಕೆ ಎರಡು ಡಾಲರ್ ರೇಟು. ಆಂಟಿ ದಿನಾ ನೀರು ಹೊಡೆದು ಫೋಟೊ ಕಳಿಸ್ತಿದ್ರು, ಮೂರನೇ ವಾರದ ಫೋಟೊದಲ್ಲಿ ಅವರ ಪೂಜೆಗೆ ಇಟ್ಕೊಂಡಿದ್ದ ದಾಸವಾಳ ಬಸವ್ವನ ಬಾಯಲ್ಲಿತ್ತು.