ಹಿತ್ತಲಿನ ಕಲ್ಲುಸಂದಿಯಲ್ಲಿ ಜರೀಗಿಡ: ನನ್ನ ಅನುಭವ

ಬೆಳಗಾವಿಯ ನಮ್ಮ ಮನೆಯ ಹಿತ್ತಲಲ್ಲಿ ಮಾವಿನ ಮರಕ್ಕೂ ಕಾಂಪೌಂಡ್ ಗೋಡೆಗೂ ನಡುವೆ ನೇರ ಬಿಸಿಲು ತಾಗದ ಒಂದು ಇಕ್ಕಟ್ಟಾದ ಜಾಗವಿದ್ದು, ಅಲ್ಲಿ ನೆಟ್ಟ ಯಾವ ಹೂಗಿಡವೂ ಏಳಿಗೆಯಾಗುತ್ತಿರಲಿಲ್ಲ. ಖಾನಾಪುರದ ಬಂಧುಗಳು ತಮ್ಮ ಹೊಲದ ಹಳೆಯ ಕಲ್ಲುಗೋಡೆಯನ್ನು ಕೆಡವಿದಾಗ, ಅದರ ಸಂದಿಗಳಲ್ಲಿದ್ದ ಜರೀಗಿಡಗಳನ್ನು ಬೇರಿನ ಮಣ್ಣಿನ ಸಮೇತ ಬುಟ್ಟಿಯಲ್ಲಿ ತಂದೆ. ಉದ್ದನೆಯ ಎಲೆಯ ಇಕ್ಕೆಲಗಳಲ್ಲಿ ಅರ್ಧಚಂದ್ರದಂಥ ಕಿರುಎಲೆ, ಕುದುರೆಬಾಲದ ಕೂದಲಿನಂತೆ ಹೊಳೆಯುವ ಕಪ್ಪು ಕಡ್ಡಿ; ಸಸ್ಯಶಾಸ್ತ್ರದಲ್ಲಿ ಇದು ಏಡಿಯಾಂಟಮ್ ಫಿಲಿಪೆನ್ಸ್. ಭೀಮಗಡದಂಥ ರಕ್ಷಿತ ಕಾಡಿನಿಂದ ಇವನ್ನು ಕಿತ್ತು ತರುವುದು ಕಾನೂನಿಗೆ ವಿರುದ್ಧ, ಕಾಡಿಗೂ ಅನ್ಯಾಯ.

ಜರೀಗಿಡಕ್ಕೆ ತೇವ ಬೇಕೆಂಬ ಒಂದೇ ಮಾತನ್ನು ನೆಚ್ಚಿಕೊಂಡು, ನೀರು ಹಿಡಿದಿಡುತ್ತದೆಂದು ಬಾಗಲಕೋಟೆ ಕಡೆಯ ಎರೆಮಣ್ಣನ್ನು ತರಿಸಿ ಅದರಲ್ಲಿ ನೆಟ್ಟೆ. ಆಷಾಢದ ಜಿಟಿಜಿಟಿ ಮಳೆಗೆ ಆ ಮಣ್ಣು ಅಂಟಾಗಿ, ಹದಿನೈದು ದಿನಗಳಲ್ಲಿ ಬುಡಗಳು ಕೊಳೆತವು. ಕಿತ್ತು ನೋಡಿದರೆ ಬೇರುಗಳು ಕಪ್ಪಾಗಿ ಬೆರಳಿಗೆ ಮೆತ್ತಿಕೊಳ್ಳುತ್ತಿದ್ದವು. ಗೋಡೆಯ ಸಂದಿಯಲ್ಲಿ ಹುಟ್ಟಿದ ಗಿಡಕ್ಕೆ ತೇವದಷ್ಟೇ ಗಾಳಿಯೂ ಬೇರಿಗೆ ಬೇಕೆಂಬುದು ಆಗ ತಿಳಿಯಿತು.

ಉಳಿದ ನಾಲ್ಕು ಗಿಡಗಳಿಗಾಗಿ ಜಂಬಿಟ್ಟಿಗೆ ಕಲ್ಲಿನ ತುಂಡುಗಳನ್ನು ಗಾರೆಯಿಲ್ಲದೆ ಒಂದೂವರೆ ಅಡಿ ಎತ್ತರಕ್ಕೆ ಪೇರಿಸಿದೆ. ಸಂದಿಗಳಿಗೆ ಎರಡು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕಲ್ಲಿನ ಚೂರು ತುಂಬಿ, ಬುಡ ಹೂತುಹೋಗದಂತೆ ಮೇಲ್ಮೇಲೆ ನೆಟ್ಟೆ. ಜಂಬಿಟ್ಟಿಗೆ ರಂಧ್ರಗಳ ಕಲ್ಲಾದುದರಿಂದ ನೀರನ್ನು ಕುಡಿದು ನಿಧಾನವಾಗಿ ಬಿಟ್ಟುಕೊಡುತ್ತದೆ. ಹೀಗಾಗಿ ಮಳೆಯಿಲ್ಲದ ದಿನಗಳಲ್ಲಿ ಸಂಜೆ ಕಲ್ಲಿಗಷ್ಟೇ ನೀರು ಹನಿಸಿದರೆ ಸಾಕಾಗುತ್ತಿತ್ತು.

ದೀಪಾವಳಿ ಕಳೆದ ಮೇಲೆ ಎಲೆಗಳು ಒಣಗತೊಡಗಿ, ಸಂಕ್ರಾಂತಿಯ ಹೊತ್ತಿಗೆ ಹಸಿರೇ ಇಲ್ಲದಂತಾಯಿತು. ಸತ್ತವೆಂದು ಭಾವಿಸಿ ಎರಡು ಗಿಡಗಳನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ್ದು ನನಗೆ ಇಂದಿಗೂ ನೋಯುತ್ತದೆ, ಏಕೆಂದರೆ ಮುಟ್ಟದೆ ಬಿಟ್ಟ ಎರಡರಲ್ಲಿ ಜೂನ್ ತಿಂಗಳ ಎರಡನೆಯ ವಾರ ಸುರುಳಿ ಸುತ್ತಿದ ಕೆಂಚು ಮೊಳಕೆಗಳು ಮೂಡಿದವು. ಈ ಜಾತಿ ಒಣ ತಿಂಗಳುಗಳಲ್ಲಿ ಎಲೆ ಕಳೆದುಕೊಂಡು ಬುಡದಲ್ಲಿ ಜೀವ ಹಿಡಿದಿರುತ್ತದೆ. ಈಗ ಬೇಸಿಗೆಯಲ್ಲಿ ಒಣ ಮಾವಿನೆಲೆ ಹೊದಿಸಿ, ಹತ್ತು ದಿನಕ್ಕೊಮ್ಮೆ ಸ್ವಲ್ಪ ನೀರು ಚಿಮುಕಿಸಿ ಸುಮ್ಮನಿರುತ್ತೇನೆ.

ಮಳೆಗಾಲದಲ್ಲಿ ಉದ್ದನೆಯ ಎಲೆಯ ತುದಿ ಬಾಗಿ ಕಲ್ಲನ್ನು ಮುಟ್ಟಿದಲ್ಲೇ ಬೇರುಬಿಟ್ಟು ಮರಿಗಿಡವಾಗುತ್ತದೆ. ಅಂಥ ತುದಿಯ ಮೇಲೆ ಹೆಸರುಕಾಳಿನಷ್ಟು ಹರಳೊಂದನ್ನಿಟ್ಟು, ಮರಿ ನಾಲ್ಕು ಎಲೆ ಬಿಡುವವರೆಗೆ ತಾಯಿಯಿಂದ ಕತ್ತರಿಸುವುದಿಲ್ಲ. ಎರಡು ಗಿಡಗಳಿಂದ ಹೀಗೆ ಹಬ್ಬಿದ ಸಾಲು ಈಗ ಮಾವಿನ ಬುಡವನ್ನು ತಲುಪಿದೆ.